ಮರ ಕಡೆಯುವ ವಿದ್ಯುತ್ ಲೇತ್: ಧೂಳಿನ ಶುಚಿತ್ವ, ಯಂತ್ರದ ನಿರ್ವಹಣೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ನಂತರ ಮಾನ್ಯ ಸದಸ್ಯರು ಈ ಕೆಳಕಂಡ ಮೂರು ವಿಷಯಗಳಲ್ಲಿ ಸ್ಪಷ್ಟತೆ ಪಡೆಯುವರೆಂದು ನಿರೀಕ್ಷಿಸಲಾಗಿದೆ.

1. ಮರದ ಧೂಳು ಯಂತ್ರಕ್ಕೂ ಮನುಷ್ಯನಿಗೂ ಯಾವ ಬಗೆಯಲ್ಲಿ ಹಾನಿ ಮಾಡುತ್ತದೆ ಎಂಬುದು.
2. ವಿದ್ಯುತ್ ಲೇತನ್ನು ಯಾವ ಕ್ರಮದಲ್ಲಿ, ಎಷ್ಟು ದಿನಕ್ಕೊಮ್ಮೆ ಶುಚಿಗೊಳಿಸಬೇಕು ಎಂಬುದು.
3. ಯಂತ್ರ ಸ್ಥಾಪನೆಗೆ ಅನುಮತಿ ನೀಡುವಾಗ ಹಾಗೂ ಕುಶಲಕರ್ಮಿಗಳ ಅರ್ಜಿ ಪರಿಶೀಲಿಸುವಾಗ ಪಂಚಾಯಿತಿ ಏನನ್ನು ಗಮನಿಸಬೇಕು ಎಂಬುದು.

1. ವಿಷಯದ ಹಿನ್ನೆಲೆ

ಚನ್ನಪಟ್ಟಣದ ಅರಗಿನ ಬೊಂಬೆಗಳು ನಾಡಿನ ಹೆಸರನ್ನು ಹೊರನಾಡುಗಳಿಗೂ ಕೊಂಡೊಯ್ದಿವೆ. ಅವುಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆನೆದಂತದ ಬಿಳುಪನ್ನು ಹೋಲುವ ಆಲೆ ಮರದ ತುಂಡನ್ನು ಲೇತಿನ ಮೇಲೆ ತಿರುಗಿಸಿ, ಉಳಿಯಿಂದ ಕಡೆದು, ಮರಳು ಕಾಗದದಿಂದ ನುಣುಪು ಮಾಡಿ, ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವುದು ಈ ಕಸುಬಿನ ಕ್ರಮ. ತಿರುಗುವ ಮರದ ಘರ್ಷಣೆಯಿಂದ ಹುಟ್ಟುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಲೇತಿನ ಜಾಗಕ್ಕೆ ಬಹುಪಾಲು ಮನೆಗಳಲ್ಲಿ ಇಂದು ವಿದ್ಯುತ್ ಮೋಟಾರು ಬಂದಿದೆ. ಬೊಂಬೆಯ ಊರುಗಳಲ್ಲಿ ಮಾತ್ರವಲ್ಲ, ಮಂಚದ ಕಾಲು, ತೊಟ್ಟಿಲ ಗೂಟ, ಮೆಟ್ಟಿಲ ಕಂಬಿ ಕಡೆಯುವ ಸಣ್ಣ ಶೆಡ್ಡುಗಳು ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಇವೆ.

ಮೋಟಾರು ಬಂದುದರಿಂದ ಉತ್ಪಾದನೆ ಹೆಚ್ಚಿತು; ಅದರೊಡನೆ ಧೂಳೂ ಹೆಚ್ಚಿತು. ಕೈಯಿಂದ ತಿರುಗುವ ಲೇತಿನಲ್ಲಿ ಬೀಳುತ್ತಿದ್ದುದು ಬಹುತೇಕ ಸಿಪ್ಪೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮರಕ್ಕೆ ಮರಳು ಕಾಗದ ಒತ್ತಿದಾಗ ಏಳುವುದು ಕಣ್ಣಿಗೆ ಕಾಣದಷ್ಟು ನಯವಾದ ಹುಡಿ. ಸಿಪ್ಪೆ ನೆಲಕ್ಕೆ ಬೀಳುತ್ತದೆ. ಹುಡಿ ಗಾಳಿಯಲ್ಲಿ ನಿಲ್ಲುತ್ತದೆ. ಈ ಪಾಠದ ಮುಖ್ಯ ವಿಷಯ ಆ ಹುಡಿಯೇ ಆಗಿದೆ.

2. ಧೂಳು ಯಂತ್ರವನ್ನು ಕೆಡಿಸುವ ಬಗೆ

ಒಂದು ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ 746 ವ್ಯಾಟ್ ಕೆಲಸ ನೀಡುತ್ತದೆ. ಅದರ ದಕ್ಷತೆ ಶೇಕಡ 75 ಎಂದು ಭಾವಿಸಿದರೆ ಅದು ತಂತಿಯಿಂದ ಸೆಳೆಯುವ ವಿದ್ಯುತ್ ಸುಮಾರು 1000 ವ್ಯಾಟ್. ಉಳಿದ ಸುಮಾರು 250 ವ್ಯಾಟ್ ಶಾಖವಾಗಿ ಮೋಟಾರಿನ ಒಳಗೇ ಹುಟ್ಟುತ್ತದೆ. ಈ ಶಾಖವನ್ನು ಹೊರಹಾಕಲೆಂದೇ ಮೋಟಾರಿನ ಹೊರಮೈಗೆ ಏಣುಗಳನ್ನೂ ಹಿಂಬದಿಗೆ ಫ್ಯಾನನ್ನೂ ಅಳವಡಿಸಿರುತ್ತಾರೆ. ಮರದ ಧೂಳು ಶಾಖವನ್ನು ಸುಲಭವಾಗಿ ಹಾಯಗೊಡದ ವಸ್ತು. ಏಣುಗಳ ನಡುವೆ ಧೂಳು ತುಂಬಿ, ಫ್ಯಾನಿನ ಜಾಲರಿ ಮುಚ್ಚಿದರೆ ಮೋಟಾರಿಗೆ ಬೇಸಿಗೆಯಲ್ಲಿ ಕಂಬಳಿ ಹೊದಿಸಿದಂತೆ ಆಗುತ್ತದೆ. ಸುರುಳಿಯ ತಾಪ ನಿಗದಿತ ಮಿತಿಗಿಂತ ಪ್ರತಿ 10 ಡಿಗ್ರಿ ಏರಿದಂತೆ ಅದರ ನಿರೋಧಕ ಪದರದ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಲೆಕ್ಕ. ಹತ್ತು ವರ್ಷ ಬಾಳಬೇಕಾದ ಮೋಟಾರು ಎರಡು ಮೂರು ವರ್ಷಕ್ಕೇ ಸುಟ್ಟು ಸುರುಳಿ ಕಟ್ಟಿಸಲು ಹೋಗುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಇದಕ್ಕೆ ಗ್ರಾಮೀಣ ವಿದ್ಯುತ್ ವೋಲ್ಟೇಜಿನ ಕುಸಿತ ಸೇರಿದರೆ ಹಾನಿ ಇಮ್ಮಡಿಸುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಮಾತ್ರ ಇದ್ದಾಗ, ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಕರೆಂಟನ್ನು ಸೆಳೆಯುತ್ತದೆ. ಕರೆಂಟು ಸುಮಾರು ಕಾಲು ಭಾಗದಷ್ಟು ಹೆಚ್ಚಿದರೆ ಸುರುಳಿಯಲ್ಲಿ ಹುಟ್ಟುವ ಶಾಖ ಒಂದೂವರೆ ಪಟ್ಟಿನಷ್ಟಾಗುತ್ತದೆ. ವೋಲ್ಟೇಜನ್ನು ಕುಶಲಕರ್ಮಿ ಸರಿಪಡಿಸಲಾರನು. ಧೂಳನ್ನು ಮಾತ್ರ ಅವನು ತೆಗೆಯಬಲ್ಲನು.

ಬೇರಿಂಗಿನ ವಿಷಯದಲ್ಲಿ ಇನ್ನೊಂದು ತಪ್ಪು ರೂಢಿಯಲ್ಲಿದೆ. ಸದ್ದು ಬಂದೊಡನೆ ಧೂಳಿನ ಮೇಲೆಯೇ ಎಣ್ಣೆ ಸುರಿಯುವುದುಂಟು. ಎಣ್ಣೆ, ಮರದ ಹುಡಿ, ಮರಳು ಕಾಗದದಿಂದ ಉದುರಿದ ಕಣಗಳು ಈ ಮೂರೂ ಕೂಡಿದರೆ ಆಗುವುದು ಸಾಣೆ ಹಿಡಿಯುವ ಲೇಪ. ಅದು ಬೇರಿಂಗನ್ನು ಉಳಿಸುವ ಬದಲು ಸವೆಸುತ್ತದೆ. ಮೊದಲು ಒರೆಸಬೇಕು, ಅನಂತರ ಎಣ್ಣೆ ಹಾಕಬೇಕು. ಎರಡೂ ಬದಿ ಮುಚ್ಚಿದ ಬೇರಿಂಗ್ ಇದ್ದಲ್ಲಿ ಹೊರಗಿನಿಂದ ಎಣ್ಣೆಯಾಗಲಿ ಗ್ರೀಸಾಗಲಿ ಹಾಕುವ ಅಗತ್ಯವೇ ಇಲ್ಲ. ಸದ್ದು ಮಾಡಿದರೆ ಬದಲಿಸುವುದೊಂದೇ ದಾರಿ.

ಅರಗಿನ ಕೆಲಸ ನಡೆಯುವ ಲೇತಿನಲ್ಲಿ ಧೂಳಿನೊಡನೆ ಅರಗಿನ ಚೂರುಗಳೂ ಹಾರಿ, ಬಿಸಿಯಾದ ಭಾಗಗಳಿಗೆ ಅಂಟಿ ಗಟ್ಟಿಯಾಗುತ್ತವೆ. ನೀರಿಗೆ ಅರಗು ಕರಗದು. ಯಂತ್ರ ತಣ್ಣಗಿರುವಾಗ ಮರದ ಅಥವಾ ಬಿದಿರಿನ ಚಪ್ಪಟೆ ಕಡ್ಡಿಯಿಂದ ಕೆರೆದು ತೆಗೆಯುವುದು ಸುರಕ್ಷಿತ ವಿಧಾನ. ಸ್ಪಿರಿಟಿಗೆ ಅರಗು ಕರಗುತ್ತದಾದರೂ ಅದು ಬೇಗ ಹೊತ್ತಿಕೊಳ್ಳುವ ದ್ರವ. ಧೂಳು ತುಂಬಿದ ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಬಳಸಕೂಡದು.

3. ಧೂಳು ಮನುಷ್ಯನಿಗೆ ಮಾಡುವ ಹಾನಿ

ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಮೂಗಿನಲ್ಲಿಯೇ ನಿಲ್ಲುತ್ತವೆ. ಅದಕ್ಕಿಂತ ಸಣ್ಣವು ಉಸಿರಿನೊಡನೆ ಒಳಗೆ ಇಳಿಯುತ್ತವೆ. ಹತ್ತು ಮೈಕ್ರಾನಿನ ಕಣ ಎದೆಯೆತ್ತರದಿಂದ ನೆಲಕ್ಕೆ ಇಳಿಯಲು ನಿಶ್ಚಲವಾದ ಗಾಳಿಯಲ್ಲಿಯೂ ಹಲವು ನಿಮಿಷ ಬೇಕು. ಒಂದೆರಡು ಮೈಕ್ರಾನಿನ ಕಣಕ್ಕೆ ಗಂಟೆಗಟ್ಟಲೆ ಬೇಕು. ಎಂದರೆ ಯಂತ್ರ ನಿಂತಾಕ್ಷಣ ಗಾಳಿ ಶುದ್ಧವಾಗುವುದಿಲ್ಲ. ಲೇತ್ ನಿಲ್ಲಿಸಿ, ಮುಖವಸ್ತ್ರ ತೆಗೆದು, ಅದೇ ಶೆಡ್ಡಿನಲ್ಲಿ ಕುಳಿತು ಊಟ ಮಾಡುವವರು ಧೂಳನ್ನೂ ಉಣ್ಣುತ್ತಿರುತ್ತಾರೆ.

ಮರದ ಧೂಳಿನಿಂದ ಕಣ್ಣುರಿ, ಚರ್ಮದ ತುರಿಕೆ, ಸೀನು, ಬಿಡದ ಕೆಮ್ಮು ಹಾಗೂ ಉಬ್ಬಸ ಬರಬಹುದು. ಇವುಗಳಿಗಿಂತ ಗಂಭೀರವಾದ ಸಂಗತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರದ ಧೂಳನ್ನು ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಮೂಗಿನ ಕುಹರ ಹಾಗೂ ಅದರ ಸುತ್ತಲಿನ ಎಲುಬುಗೂಡುಗಳ ಕ್ಯಾನ್ಸರ್ ಇದರಲ್ಲಿ ಮುಖ್ಯವಾದುದು. ಇದು ವರ್ಷಗಟ್ಟಲೆ ಧೂಳು ಸೇವಿಸಿದವರಲ್ಲಿ ತಡವಾಗಿ ಕಾಣಿಸಿಕೊಳ್ಳುವ ರೋಗವಾದ್ದರಿಂದ ಕಸುಬಿಗೂ ರೋಗಕ್ಕೂ ಇರುವ ನಂಟು ಮನೆಯವರ ಗಮನಕ್ಕೆ ಬಾರದೇ ಹೋಗಬಹುದು.

ಗೃಹ ಕೈಗಾರಿಕೆಯಲ್ಲಿ ಈ ಅಪಾಯ ಲೇತಿನ ಮುಂದೆ ಕುಳಿತವರಿಗೆ ಮಾತ್ರ ಸೀಮಿತವಲ್ಲ. ಪಕ್ಕದಲ್ಲಿ ಕುಳಿತು ಬೊಂಬೆ ಜೋಡಿಸುವ ಮಹಿಳೆಯರು, ಅದೇ ಕೋಣೆಯಲ್ಲಿ ಮಲಗಿರುವ ಹಸುಳೆ, ಶಾಲೆಯಿಂದ ಬಂದು ಪಾಠ ಓದುವ ಮಕ್ಕಳು ಎಲ್ಲರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಆದುದರಿಂದ ಯಂತ್ರದ ಶುಚಿತ್ವವು ಮಾಲೀಕನೊಬ್ಬನ ಖಾಸಗಿ ವಿಷಯವಲ್ಲ, ಸಾರ್ವಜನಿಕ ಆರೋಗ್ಯದ ವಿಷಯ.

4. ಶುಚಿಗೊಳಿಸುವಾಗ ಆಗುವ ಅಪಘಾತ

ಲೇತಿನ ಅಪಘಾತಗಳನ್ನು ಕುರಿತು ಯೋಚಿಸುವಾಗ ಕೆಲಸದ ವೇಳೆಯನ್ನು ಮಾತ್ರ ನೆನೆಯುವುದು ವಾಡಿಕೆ. ಆದರೆ ಶುಚಿಗೊಳಿಸುವ ವೇಳೆಯೂ ಅಷ್ಟೇ ಅಪಾಯಕಾರಿ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ವಿದ್ಯುತ್ ಕಡಿತ. ಕರೆಂಟು ಹೋದಾಗ ಲೇತ್ ತಾನಾಗಿಯೇ ನಿಲ್ಲುತ್ತದೆ. ಬಿಡುವು ಸಿಕ್ಕಿತೆಂದು ಕೆಲಸಗಾರನು ಬ್ರಷ್ ಹಿಡಿದು ಬೆಲ್ಟಿನ ಸಂದಿಯ ಧೂಳು ತೆಗೆಯಲು ಕೈಹಾಕುತ್ತಾನೆ. ಸ್ವಿಚ್ಚು ಮಾತ್ರ ಚಾಲೂ ಸ್ಥಿತಿಯಲ್ಲೇ ಉಳಿದಿರುತ್ತದೆ. ಕರೆಂಟು ಮರಳಿದ ಕ್ಷಣ ಯಂತ್ರ ಎಚ್ಚರಿಕೆ ಕೊಡದೆ ತಿರುಗತೊಡಗುತ್ತದೆ. ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕ ಬೆರಳು ಹಿಂದಿರುಗದು. ಕುಶಲಕರ್ಮಿಗೆ ಬೆರಳೇ ಬಂಡವಾಳವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ವೋಲ್ಟೇಜ್ ಹೋದೊಡನೆ ತಾನೇ ಬಿಟ್ಟುಕೊಳ್ಳುವ ಸ್ಟಾರ್ಟರನ್ನು ಅಳವಡಿಸಿದರೆ ಕರೆಂಟು ಬಂದರೂ ಹಸಿರು ಗುಂಡಿ ಒತ್ತುವವರೆಗೆ ಲೇತ್ ತಿರುಗುವುದಿಲ್ಲ. ಸಾದಾ ಗೃಹಬಳಕೆಯ ಸ್ವಿಚ್ಚಿನಲ್ಲಿ ಈ ರಕ್ಷಣೆ ಇರುವುದಿಲ್ಲ.

ಎರಡನೆಯದು, ಸಡಿಲವಾದ ಬಟ್ಟೆ. ನಿಮಿಷಕ್ಕೆ 1440 ಸುತ್ತು ತಿರುಗುವ ಲೇತ್ ಒಂದು ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದರ ದಂಡದ ವ್ಯಾಸ 40 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 12.5 ಸೆಂಟಿಮೀಟರ್ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಒಂದು ಮೀಟರ್ ಸೆರಗನ್ನು ಸುತ್ತಿಕೊಳ್ಳಲು ಅದಕ್ಕೆ ಎಂಟೇ ಸುತ್ತು, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಕೈ ಸ್ವಿಚ್ಚನ್ನು ಮುಟ್ಟುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಆದುದರಿಂದ ತಿರುಗುತ್ತಿರುವ ಲೇತನ್ನು ಬಟ್ಟೆಯಿಂದ ಒರೆಸಕೂಡದು. ಸೆರಗು, ದುಪಟ್ಟಾ, ಹೆಗಲ ಮೇಲಿನ ಟವಲು, ಬಿಚ್ಚುಗೂದಲು, ಕೈಗವಸು ಇವು ಯಾವುವೂ ಲೇತಿನ ಬಳಿ ಇರಕೂಡದು. ಬೇರೆ ಕೆಲಸಗಳಲ್ಲಿ ರಕ್ಷಣೆ ನೀಡುವ ಕೈಗವಸು ಇಲ್ಲಿ ಕೈಯನ್ನೇ ಒಳಗೆಳೆಯುವ ಸಾಧನವಾಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸುವುದು.

5. ಶುಚಿಗೊಳಿಸುವ ಕ್ರಮ

(ಅ) ಸ್ವಿಚ್ ಆರಿಸಿ, ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದು ಕಣ್ಣಿಗೆ ಕಾಣುವಂತೆ ಲೇತಿನ ಮೇಲೆಯೇ ಇಡಬೇಕು. ಪ್ಲಗ್ ಇಲ್ಲದ ಮೂರು ಫೇಸಿನ ಯಂತ್ರವಾದರೆ ಮೇನ್ ಸ್ವಿಚ್ ಕೆಳಗಿಳಿಸಿ ಫ್ಯೂಸ್ ತೆಗೆದಿರಿಸಬೇಕು. ಕರೆಂಟು ಇಲ್ಲದಿದ್ದಾಗಲೂ ಈ ಹಂತವನ್ನು ಬಿಡಕೂಡದು.

(ಆ) ಯಂತ್ರ ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಕೈಯಿಂದ ಹಿಡಿದು ನಿಲ್ಲಿಸಕೂಡದು. ಒಂದು ಫೇಸಿನ ಮೋಟಾರಿನಲ್ಲಿರುವ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದಾದ ಕಾರಣ ಅದರ ಮುಚ್ಚಳವನ್ನು ಎಲೆಕ್ಟ್ರಿಷಿಯನ್ ಹೊರತು ಬೇರೆಯವರು ತೆರೆಯಬಾರದು.

(ಇ) ಮುಖವಸ್ತ್ರ ಧರಿಸಬೇಕು. ಹೆಗಲ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡರೆ ದಪ್ಪ ಧೂಳು ತಡೆಯುತ್ತದೆಯೇ ಹೊರತು ನಯವಾದ ಹುಡಿಯಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾದರಿಯ ಮುಖವಸ್ತ್ರ ಇದಕ್ಕೆ ತಕ್ಕುದು.

(ಈ) ಮೇಲಿನಿಂದ ಕೆಳಕ್ಕೆ ಶುಚಿಗೊಳಿಸಬೇಕು: ಮೊದಲು ತೊಲೆ ಮತ್ತು ದೀಪದ ಮೇಲಿನ ಧೂಳು, ಬಳಿಕ ಮೋಟಾರಿನ ಏಣು ಮತ್ತು ಫ್ಯಾನಿನ ಜಾಲರಿ, ಅನಂತರ ಬೆಲ್ಟು, ಪುಲ್ಲಿ ಮತ್ತು ಲೇತಿನ ಹಾಸು, ಕೊನೆಗೆ ನೆಲ. ಈ ಕ್ರಮ ತಪ್ಪಿದರೆ ಗುಡಿಸಿದ ನೆಲದ ಮೇಲೆ ಮತ್ತೆ ಧೂಳು ಬೀಳುತ್ತದೆ.

(ಉ) ಧೂಳನ್ನು ಊದಬಾರದು, ಹೀರಬೇಕು. ಸೈಕಲ್ ಪಂಪಿನಿಂದಲೋ ಕಂಪ್ರೆಸರಿನಿಂದಲೋ ಊದಿದರೆ ಯಂತ್ರ ಶುಚಿಯಾದಂತೆ ಕಾಣುತ್ತದೆ. ಧೂಳು ಯಂತ್ರದಿಂದ ಎದೆಗೂಡಿಗೆ ವರ್ಗವಾಗಿರುತ್ತದೆ, ಅಷ್ಟೇ. ಸೂಕ್ಷ್ಮ ಸೋಸುಕವುಳ್ಳ ವ್ಯಾಕ್ಯೂಮ್ ಯಂತ್ರ ಉತ್ತಮ. ಅದು ಇಲ್ಲದಿದ್ದಲ್ಲಿ ಮೃದುವಾದ ಬ್ರಷ್ಷಿನಿಂದ ನಿಧಾನವಾಗಿ ಸವರಿ, ಸ್ವಲ್ಪ ತೇವದ ಬಟ್ಟೆಯಿಂದ ಒರೆಸಬೇಕು. ವಿದ್ಯುತ್ ಭಾಗಗಳಿಗೆ ತೇವ ತಾಕಬಾರದು. ನೆಲಕ್ಕೆ ನೀರು ಚಿಮುಕಿಸಿ ಗುಡಿಸುವ ನಮ್ಮ ಹಿರಿಯರ ರೂಢಿ ಇಲ್ಲಿಯೂ ಸರಿಯಾದುದೇ.

(ಊ) ಕಾವಲು ಮುಚ್ಚಳವನ್ನು ಸ್ವಸ್ಥಾನದಲ್ಲಿ ಬಿಗಿದ ಬಳಿಕವೇ ಪ್ಲಗ್ಗನ್ನು ಮತ್ತೆ ಹಾಕಬೇಕು.

6. ನಿರ್ವಹಣೆಯ ಕಾಲಪಟ್ಟಿ

ಪ್ರತಿದಿನ: ಮೋಟಾರಿನ ಮೈ, ಫ್ಯಾನಿನ ಜಾಲರಿ ಮತ್ತು ನೆಲದ ಧೂಳು ತೆಗೆಯುವುದು, ಹೊಟ್ಟಿನ ಚೀಲವನ್ನು ಶೆಡ್ಡಿನಿಂದ ಹೊರಗೆ ಒಯ್ಯುವುದು.

ಪ್ರತಿವಾರ: ಬೆಲ್ಟಿನ ಬಿಗಿ ನೋಡುವುದು. ಎರಡು ಪುಲ್ಲಿಗಳ ಮಧ್ಯದಲ್ಲಿ ಬೆರಳಿನಿಂದ ಒತ್ತಿದಾಗ, ಅರ್ಧ ಮೀಟರ್ ಅಂತರಕ್ಕೆ ಸುಮಾರು 8 ಮಿಲಿಮೀಟರ್ ತಗ್ಗಿದರೆ ಬಿಗಿ ಸರಿಯಿದೆ. ಹೆಚ್ಚು ಬಿಗಿಯಾದರೆ ಬೇರಿಂಗ್ ಸವೆಯುತ್ತದೆ. ಸಡಿಲವಾದರೆ ಬೆಲ್ಟು ಜಾರಿ ಬಿಸಿಯಾಗುತ್ತದೆ.

ಪ್ರತಿ ತಿಂಗಳು: ಬೇರಿಂಗಿನ ಸದ್ದು ಮತ್ತು ಅಲುಗಾಟ, ಬೋಲ್ಟುಗಳ ಬಿಗಿ, ತಂತಿಯ ಹೊದಿಕೆ ಹಾಗೂ ಸ್ವಿಚ್ ಪೆಟ್ಟಿಗೆಯ ಒಳಗೆ ಸೇರಿದ ಧೂಳು ಪರೀಕ್ಷಿಸುವುದು. ಪೆಟ್ಟಿಗೆ ತೆರೆಯುವ ಕೆಲಸ ಎಲೆಕ್ಟ್ರಿಷಿಯನ್ನನದು.

ಆರು ತಿಂಗಳಿಗೊಮ್ಮೆ: ಭೂಸಂಪರ್ಕ ಸರಿಯಿದೆಯೇ, ಸೋರಿಕೆ ಕರೆಂಟು ಕಂಡೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ರಕ್ಷಕ ಸಾಧನ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷೆ ಮಾಡಿಸುವುದು.

7. ಧೂಳನ್ನು ಹುಟ್ಟಿದಲ್ಲಿಯೇ ಹಿಡಿಯುವುದು

ಬಿದ್ದ ಧೂಳನ್ನು ಗುಡಿಸುವುದಕ್ಕಿಂತ ಹುಟ್ಟುವ ಧೂಳನ್ನು ಸೆಳೆದುಕೊಳ್ಳುವುದು ಹೆಚ್ಚು ಫಲಕಾರಿ. ಇದಕ್ಕೆ ಹೀರುಗೊಳವೆಯನ್ನು ಲೇತಿನ ಹಿಂಬದಿಯಲ್ಲಿ, ಕೆಲಸಗಾರನ ಎದುರು ದಿಕ್ಕಿನಲ್ಲಿ ಇಡಬೇಕು. ಇಲ್ಲಿ ಒಂದು ಲೆಕ್ಕ ನೆನಪಿಡತಕ್ಕದ್ದು: ಕೊಳವೆಯ ಬಾಯಿಯಿಂದ ಅದರ ವ್ಯಾಸದಷ್ಟು ದೂರ ಸರಿದರೆ ಗಾಳಿಯ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಕೊಳವೆಯನ್ನು ಅರ್ಧ ಮೀಟರ್ ದೂರದಲ್ಲಿ ಇಟ್ಟರೆ ಅದು ಸದ್ದು ಮಾಡುತ್ತದೆಯೇ ಹೊರತು ಧೂಳನ್ನು ಸೆಳೆಯದು. ಗೋಡೆಯ ಮೇಲ್ಭಾಗದಲ್ಲಿರುವ ಎಕ್ಸಾಸ್ಟ್ ಫ್ಯಾನು ಧೂಳನ್ನು ಕೆಲಸಗಾರನ ಮುಖದ ಮೂಲಕವೇ ಎಳೆದೊಯ್ಯುವ ಸಂಭವ ಇರುತ್ತದೆ; ಅದನ್ನು ಲೇತಿನ ಮಟ್ಟದಲ್ಲಿ, ಯಂತ್ರದ ಹಿಂದಿನ ಗೋಡೆಗೆ ಕೂರಿಸುವುದು ಮೇಲು. ಹೊರಬೀಳುವ ಗಾಳಿ ನೆರೆಮನೆಯ ಕಿಟಕಿಗೆ ಅಥವಾ ಅಂಗನವಾಡಿಯ ಕಡೆಗೆ ಹೋಗದಂತೆಯೂ ನೋಡಿಕೊಳ್ಳಬೇಕು.

8. ಬೆಂಕಿಯ ಭಯ ಮತ್ತು ಹೊಟ್ಟಿನ ವಿಲೇವಾರಿ

ಒಣ ಮರದ ಹುಡಿ ಬೇಗ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಜಾಗದ ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಕಿಡಿ ತಗುಲಿದರೆ ಸ್ಫೋಟವೂ ಆಗಬಲ್ಲುದು. ಶೆಡ್ಡಿನಲ್ಲಿ ಬೀಡಿ, ಊದುಬತ್ತಿ, ಒಲೆ ಇರಕೂಡದು. ಆಯುಧ ಪೂಜೆಯ ದಿನ ಯಂತ್ರಕ್ಕೆ ಆರತಿ ಬೆಳಗುವ ಮೊದಲು ಧೂಳು ಪೂರ್ತಿ ತೆಗೆದಿರಬೇಕು. ಬೆಂಕಿ ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ವಿದ್ಯುತ್ ಹರಿಯುತ್ತಿರುವಾಗ ನೀರು ಎರಚಕೂಡದು. ಹೊಟ್ಟಿನ ರಾಶಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುವುದುಂಟು. ಅದನ್ನು ಕೆದರಿ ನೆನೆಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯ ಮುದ್ದೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಂತಹ ಬಟ್ಟೆಯನ್ನು ಬಿಡಿಸಿ ಹೊರಗೆ ಒಣಗಹಾಕಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಶುದ್ಧ ಮರದ ಹೊಟ್ಟನ್ನು ಸಗಣಿಯೊಡನೆ ಬೆರೆಸಿ ಗೊಬ್ಬರ ಮಾಡಬಹುದು. ಅದು ಕೊಳೆಯಲು ಹೆಚ್ಚು ಕಾಲ ಬೇಕು. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳ ಹುಡಿಯಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಅದನ್ನೂ, ಬಣ್ಣ ಮಿಶ್ರಿತ ಹುಡಿಯನ್ನೂ ಗೊಬ್ಬರಕ್ಕಾಗಲಿ, ದನದ ಕೊಟ್ಟಿಗೆಗಾಗಲಿ, ಅಡುಗೆಯ ಒಲೆಗಾಗಲಿ ಬಳಸಕೂಡದು. ಪ್ರತ್ಯೇಕ ಚೀಲದಲ್ಲಿ ಕಟ್ಟಿ ಪಂಚಾಯಿತಿಯ ಒಣ ಕಸದ ವಾಹನಕ್ಕೆ ಕೊಡಬೇಕು. ಚರಂಡಿಗೆ ಸುರಿದ ಹೊಟ್ಟು ನೀರುಂಡು ಉಬ್ಬಿ ಹರಿವನ್ನು ಕಟ್ಟುತ್ತದೆ. ಆ ಚರಂಡಿಯ ಹೂಳು ತೆಗೆಸುವ ಖರ್ಚು ಪಂಚಾಯಿತಿಯದೇ.

9. ಗ್ರಾಮ ಪಂಚಾಯಿತಿಯ ಪಾತ್ರ

ಮನೆಗೆ ಅಂಟಿಕೊಂಡ ಒಂದೆರಡು ಲೇತಿನ ಶೆಡ್ಡುಗಳು ಸಾಮಾನ್ಯವಾಗಿ ಕಾರ್ಖಾನೆ ತಪಾಸಣೆಯ ವ್ಯಾಪ್ತಿಗೆ ಬರುವಷ್ಟು ದೊಡ್ಡವಲ್ಲ. ಯಂತ್ರ ಸ್ಥಾಪನೆಗೆ ಪಂಚಾಯಿತಿ ನೀಡುವ ಅನುಮತಿಯೇ ಅನೇಕ ಕಡೆ ಆ ಶೆಡ್ಡನ್ನು ಸರ್ಕಾರದ ಕಣ್ಣು ನೋಡುವ ಏಕೈಕ ಸಂದರ್ಭ. ಆ ಸಂದರ್ಭವನ್ನು ಶುಲ್ಕದ ರಸೀದಿಗೆ ಮಾತ್ರ ಸೀಮಿತಗೊಳಿಸುವುದು ಸರಿಯಲ್ಲ.

17 ಸೆಪ್ಟೆಂಬರ್ 2023ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಬೊಂಬೆ ತಯಾರಕರೂ ಸೇರಿದ್ದಾರೆ. ಅರ್ಜಿಯ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿ. ಈ ಯೋಜನೆಯಲ್ಲಿ ತರಬೇತಿ, 15,000 ರೂಪಾಯಿವರೆಗಿನ ಉಪಕರಣ ಪ್ರೋತ್ಸಾಹಧನ ಹಾಗೂ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಆಧಾರರಹಿತ ಸಾಲದ ಅವಕಾಶವಿದೆ. ಸಾಲದಿಂದ ಹೊಸ ಲೇತ್ ಕೊಳ್ಳುವವರಿಗೆ, ಸ್ಟಾರ್ಟರ್, ಬೆಲ್ಟಿನ ಕಾವಲು ಮತ್ತು ಹೀರುಗೊಳವೆಯ ವೆಚ್ಚವನ್ನೂ ಅದೇ ಅಂದಾಜಿನಲ್ಲಿ ಸೇರಿಸುವಂತೆ ಸದಸ್ಯರು ಮೊದಲೇ ತಿಳಿಸಿದರೆ ಅನಂತರದ ಪರದಾಟ ತಪ್ಪುತ್ತದೆ.

ಸದಸ್ಯರು ಯಂತ್ರತಜ್ಞರಾಗಬೇಕಿಲ್ಲ. ಶೆಡ್ಡಿಗೆ ಭೇಟಿ ನೀಡಿದಾಗ ಈ ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು.

1. ಬೆಲ್ಟಿಗೆ ಕಾವಲು ಮುಚ್ಚಳ ಇದೆಯೇ?
2. ಕರೆಂಟು ಹೋಗಿ ಬಂದರೆ ಲೇತ್ ತಾನಾಗಿ ತಿರುಗುತ್ತದೆಯೇ?
3. ಮೋಟಾರಿನ ಏಣುಗಳು ಕಣ್ಣಿಗೆ ಕಾಣುತ್ತವೆಯೇ, ಧೂಳಿನಲ್ಲಿ ಮುಚ್ಚಿಹೋಗಿವೆಯೇ?
4. ಧೂಳು ಎತ್ತ ಹೋಗುತ್ತದೆ, ಆ ದಿಕ್ಕಿನಲ್ಲಿ ಯಾರು ಕೂರುತ್ತಾರೆ?
5. ಮಕ್ಕಳು ಮಲಗುವ ಜಾಗಕ್ಕೂ ಲೇತಿಗೂ ನಡುವೆ ಗೋಡೆ ಇದೆಯೇ?

ಈ ಭೇಟಿ ದಂಡ ವಿಧಿಸಲು ಅಥವಾ ಶೆಡ್ಡು ಮುಚ್ಚಿಸಲು ಅಲ್ಲವೆಂಬುದು ಕುಶಲಕರ್ಮಿಗೆ ಮೊದಲ ಮಾತಿನಲ್ಲೇ ಮನವರಿಕೆಯಾಗಬೇಕು. ತಪಾಸಣೆ ಎಂದರೆ ಕಿರುಕುಳ ಎಂಬ ಭಾವನೆ ಬಂದರೆ ಬಾಗಿಲು ಮುಚ್ಚುತ್ತದೆ, ಧೂಳು ಒಳಗೇ ಉಳಿಯುತ್ತದೆ. ಕಡಿಮೆ ಖರ್ಚಿನ ತಿದ್ದುಪಡಿಯನ್ನು ಮೊದಲು ಸೂಚಿಸಿ, ಹೆಚ್ಚು ಖರ್ಚಿನದಕ್ಕೆ ಕಾಲಾವಕಾಶ ನೀಡುವುದು ಯುಕ್ತ. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಆಶಾ ಕಾರ್ಯಕರ್ತೆಯರ ನೆರವಿನಿಂದ ಮರಗೆಲಸದ ಕುಟುಂಬಗಳಿಗೆ ವರ್ಷಕ್ಕೊಮ್ಮೆ ಉಸಿರಾಟದ ತಪಾಸಣೆ ಏರ್ಪಡಿಸಬಹುದು. ಒಂದೇ ಮೂಗಿನ ಹೊಳ್ಳೆ ಬಹುಕಾಲ ಕಟ್ಟಿಕೊಂಡಿರುವುದು, ಮೂಗಿನಿಂದ ಮತ್ತೆ ಮತ್ತೆ ರಕ್ತ ಬರುವುದು ಇವುಗಳನ್ನು ನೆಗಡಿಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸುವಂತೆ ತಿಳಿಹೇಳಬೇಕು.

10. ಸಭೆಯಲ್ಲಿ ಚರ್ಚಿಸಬೇಕಾದ ಅಂಶಗಳು

1. ಪಂಚಾಯಿತಿ ವ್ಯಾಪ್ತಿಯಲ್ಲಿ ಮೋಟಾರು ಬಳಸುವ ಮರಗೆಲಸದ ಶೆಡ್ಡುಗಳು ಎಷ್ಟಿವೆ? ಅವುಗಳಲ್ಲಿ ಅನುಮತಿ ಪಡೆದವು ಎಷ್ಟು?
2. ಆ ಶೆಡ್ಡುಗಳಲ್ಲಿ ದುಡಿಯುವ ಮಹಿಳೆಯರ ಸಂಖ್ಯೆ ಎಷ್ಟು?
3. ಬಿಡಿಬಿಡಿಯಾಗಿ ಕೊಳ್ಳಲಾಗದ ವ್ಯಾಕ್ಯೂಮ್ ಯಂತ್ರವನ್ನು ಸ್ವಸಹಾಯ ಸಂಘದ ಮೂಲಕ ಹಂಚಿಕೊಂಡು ಬಳಸಲು ಸಾಧ್ಯವೇ?
4. ಹೊಟ್ಟನ್ನು ಸಂಗ್ರಹಿಸಲು ಕಸದ ವಾಹನಕ್ಕೆ ವಾರದ ಯಾವ ದಿನ ಗೊತ್ತುಪಡಿಸಬಹುದು?

ನಡವಳಿಯಲ್ಲಿ ದಾಖಲಿಸಬಹುದಾದ ನಿರ್ಣಯದ ಮಾದರಿ:

"ಪಂಚಾಯಿತಿ ವ್ಯಾಪ್ತಿಯಲ್ಲಿ ವಿದ್ಯುತ್ ಚಾಲಿತ ಮರಗೆಲಸದ ಯಂತ್ರ ಸ್ಥಾಪಿಸಲು ಅನುಮತಿ ಕೋರುವ ಪ್ರತಿಯೊಂದು ಅರ್ಜಿಯನ್ನು ಇತ್ಯರ್ಥಪಡಿಸುವ ಮುನ್ನ ಸ್ಥಳ ಪರಿಶೀಲನೆ ನಡೆಸುವುದು, ಬೆಲ್ಟಿನ ಕಾವಲು, ವೋಲ್ಟೇಜ್ ಹೋದಾಗ ಬಿಟ್ಟುಕೊಳ್ಳುವ ಸ್ಟಾರ್ಟರ್, ಭೂಸಂಪರ್ಕ ಮತ್ತು ಧೂಳು ಹೊರಹೋಗುವ ವ್ಯವಸ್ಥೆ ಇವುಗಳನ್ನು ಅನುಮತಿ ಪತ್ರದಲ್ಲಿ ನಮೂದಿಸುವುದು, ಈಗಾಗಲೇ ನಡೆಯುತ್ತಿರುವ ಶೆಡ್ಡುಗಳಿಗೆ ತಿಳಿವಳಿಕೆ ನೀಡಿ ಆರು ತಿಂಗಳ ಕಾಲಾವಕಾಶ ಕೊಡುವುದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು."